ಹಾಸನದಲ್ಲೂ 0.9, ಮಂಗಳೂರಲ್ಲೂ 0.9: ಟರ್ಬೊ ಇಂಜಿನ್ ಟ್ಯೂನ್ ಮಾಡೋಕೆ ಕಲಿತದ್ದು

ಥರ್ಮೋಡೈನಾಮಿಕ್ಸ್ ಪೇಪರ್ ಬರೆದವರಿಗೆಲ್ಲ ಆಟೊ ಸೈಕಲ್ ಗೊತ್ತಿರುತ್ತೆ. (ಬಸ್ ಸ್ಟ್ಯಾಂಡ್ ಎದುರು ನಿಲ್ಲೋ ಆಟೊ ಅಲ್ಲ, ಜರ್ಮನಿಯ ನಿಕೋಲಸ್ ಒಟ್ಟೊ ಹೆಸರಿಂದ ಬಂದದ್ದು.) ಆ ಪಿ-ವಿ ಡಯಾಗ್ರಾಂನಲ್ಲಿ ಬೆಂಕಿ ಹೊತ್ತಿಕೊಳ್ಳೋ ಜಾಗ ಒಂದು ನೇರ ಗೆರೆ. ಕೆಳಗಿಂದ ಮೇಲಕ್ಕೆ ಸ್ಕೇಲ್ ಇಟ್ಟು ಎಳೀತೀವಿ, ಮಾರ್ಕ್ಸ್ ಬರುತ್ತೆ. ಅಂದ್ರೆ ಪಿಸ್ಟನ್ ತುದಿಗೆ ಬಂದು ನಿಂತ ಕ್ಷಣದಲ್ಲೇ ಪೆಟ್ರೋಲ್ ಪೂರ್ತಿ ಉರಿದು ಮುಗೀತು ಅಂತ ಲೆಕ್ಕ. ನಿಜವಾದ ಇಂಜಿನ್‌ನಲ್ಲಿ ಆ ಗೆರೆ ನೇರ ಇರಲ್ಲ. ಅದು ಎಷ್ಟು ವಾಲಿದೆ, ಎಲ್ಲಿ ಶುರುವಾಗಿದೆ ಅನ್ನೋದನ್ನ ನೋಡಿಕೊಳ್ಳೋದೇ ಟ್ಯೂನಿಂಗ್. ನಾವು ನಾಲ್ಕು ಜನ ಹೋದ ರಜೆಯಲ್ಲಿ ಅದನ್ನ ಕಲಿಯೋಕೆ ಹೋಗಿ ಸ್ವಲ್ಪ ಕಲಿತ್ವಿ, ಸ್ವಲ್ಪ ಬೈಸಿಕೊಂಡ್ವಿ. ಎರಡನ್ನೂ ಇಲ್ಲಿ ಬರೀತಿದೀವಿ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ.

ಕಾರು ನಮ್ಮದಲ್ಲ. ನಮ್ಮಲ್ಲಿ ಒಬ್ಬನ ಅಕ್ಕನ ಗಂಡ ಮಂಗಳೂರಲ್ಲಿ ಕೆಲಸ ಮಾಡ್ತಾರೆ. ಅವನಿಗೆ ಭಾವ ಆದ್ದರಿಂದ ಈಗ ನಮಗೆಲ್ಲರಿಗೂ ಭಾವನೇ. ಕಾಲೇಜು ದಿನಗಳಿಂದ ಆಸೆಪಟ್ಟು, ದುಡ್ಡು ಕೂಡಿಟ್ಟು, ಮೂರನೇ ಕೈಯಿಂದ ಅವರು ತಗೊಂಡ ಗಾಡಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಅದರೊಳಗೆ 1781 ಸಿಸಿ, ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಐದೈದು ವಾಲ್ವ್, ಕಂಪನಿಯಿಂದ ಬಂದಾಗ 150 ಎಚ್‌ಪಿ ಕೊಡ್ತಿದ್ದ 1.8 ಟರ್ಬೊ ಇಂಜಿನ್. ಇಪ್ಪತ್ತು ವರ್ಷದ ಹತ್ತಿರದ ಕಾರು. ಹಿಂದಿನ ಮಾಲೀಕ ಯಾರೋ ದೊಡ್ಡ ಸೈಲೆನ್ಸರ್ ಪೈಪ್, ಡ್ಯಾಶ್ ಮೇಲೆ ಒಂದು ಬೂಸ್ಟ್ ಗೇಜು, ಬಾನೆಟ್ ಒಳಗೆ ಒಂದು ಹಿತ್ತಾಳೆ ಸ್ಕ್ರೂ ಹಾಕಿಸಿದ್ದ. ಈ ಸ್ಕ್ರೂ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. "ಒಂದು ತಿಂಗಳು ಹಾಸನದಲ್ಲೇ ಇರುತ್ತೆ, ಪಿಕಪ್ ಯಾಕೋ ಸರಿಯಿಲ್ಲ, ನೋಡ್ರಪ್ಪ ಇಂಜಿನಿಯರುಗಳೇ" ಅಂತ ಭಾವ ಕೀ ಕೊಟ್ಟು ಹೋದ್ರು. ನಗ್ತಾನೇ ಕೊಟ್ಟರು, ಆದರೆ ಹೋಗುವಾಗ ಎರಡು ಸಲ ತಿರುಗಿ ಕಾರನ್ನ ನೋಡಿದ್ರು.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿಯನ್ನ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ನಮಗೆ ಇದು ಗೊತ್ತಾಗಿದ್ದು ಅರ್ಧ ಕೆಲಸ ಆದಮೇಲೆ. ಗೊತ್ತಿದ್ದೂ ಮಾಡಿ ಅಂತ ನಾವು ಯಾರಿಗೂ ಹೇಳ್ತಿಲ್ಲ.

ಲ್ಯಾಪ್‌ಟಾಪ್ ತೆಗೆಯೋ ಮುಂಚೆ

ನಮ್ಮ ಆತುರ ಏನಿತ್ತು ಅಂದ್ರೆ ಕೇಬಲ್ ಚುಚ್ಚಬೇಕು, ಮ್ಯಾಪ್ ತೆಗೀಬೇಕು, ನಂಬರ್ ಏರಿಸಬೇಕು. ಅದನ್ನ ತಡೆದವರು ಕಾರು ನಿಲ್ಲಿಸೋಕೆ ಜಾಗ ಕೊಟ್ಟ ಗ್ಯಾರೇಜ್‌ನ ಮೇಸ್ತ್ರಿ. ಅಂಬಾಸಿಡರ್ ಕಾರ್ಬ್ಯುರೇಟರ್ ಕಾಲದಿಂದ ಕೆಲಸ ಮಾಡಿದವರು. "ಮೊದ್ಲು ಪ್ಲಗ್ ಬಿಚ್ಚು ಮರಿ, ಕಂಪ್ಯೂಟರ್ ಎಲ್ಲೂ ಓಡೋಗಲ್ಲ" ಅಂದ್ರು.

ಪ್ಲಗ್ ಗ್ಯಾಪ್ ಅಳೆದ್ರೆ ನಾಲ್ಕೂ ಒಂದೊಂದು ಥರ. ಟರ್ಬೊ ಇಂಜಿನ್‌ನಲ್ಲಿ ಒತ್ತಡ ಜಾಸ್ತಿ ಇದ್ದಷ್ಟೂ ಕಿಡಿ ದಾಟೋದು ಕಷ್ಟ, ಅದಕ್ಕೇ ಗ್ಯಾಪ್ ಕಮ್ಮಿ ಇರಬೇಕು. ಹೊಸ ಪ್ಲಗ್ ತಂದು 0.7 ಮಿಲಿಮೀಟರ್‌ಗೆ ಇಟ್ವಿ. ಆಮೇಲೆ ಸೋರಿಕೆ ಪರೀಕ್ಷೆ. ಪಿವಿಸಿ ಪೈಪಿನ ಮುಚ್ಚಳಕ್ಕೆ ತೂತು ಹೊಡೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ, ಟರ್ಬೊ ಗಾಳಿ ಎಳೆಯೋ ಬಾಯಿಗೆ ಕ್ಲಾಂಪ್ ಹಾಕಿ ಮುಚ್ಚಿ, ಪಕ್ಕದ ಪಂಕ್ಚರ್ ಅಂಗಡಿಯ ಹೋಸ್‌ನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ವಿ. ಸೋಪು ನೀರು ಚಿಮುಕಿಸಿದ್ರೆ ಇಂಟರ್‌ಕೂಲರ್ ಹತ್ತಿರದ ಹೋಸ್‌ನಲ್ಲಿ ಬುರುಬುರು ಗುಳ್ಳೆ. ಎರಡು ಕ್ಲಾಂಪ್ ಸಡಿಲ, ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಸೀಳಿತ್ತು.

ಇದು ಯಾಕೆ ಮುಖ್ಯ ಅಂದ್ರೆ, ಈ ಇಂಜಿನ್ ಒಳಗೆ ಹೋಗೋ ಗಾಳಿಯನ್ನ ಬಾಗಿಲಲ್ಲೇ ತೂಗುತ್ತೆ. ಏರ್ ಫಿಲ್ಟರ್ ಆದ ತಕ್ಷಣ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ, ಸೆಕೆಂಡಿಗೆ ಇಷ್ಟು ಗ್ರಾಂ ಅಂತ ಲೆಕ್ಕ ಕೊಡುತ್ತೆ. ಆ ಲೆಕ್ಕಕ್ಕೆ ತಕ್ಕ ಪೆಟ್ರೋಲ್‌ನ ಇಸಿಯು ಹಾಕುತ್ತೆ. ತೂಗಿಸಿಕೊಂಡು ಒಳಗೆ ಬಂದ ಗಾಳಿ ಮಧ್ಯದಲ್ಲಿ ಹೋಸ್ ಬಿರುಕಿನಿಂದ ಹೊರಗೆ ಹೋದ್ರೆ? ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತೆ. ಹತ್ತು ಜನಕ್ಕೆ ಎಲೆ ಹಾಕಿ ಬಡಿಸಿದಮೇಲೆ ಎಂಟೇ ಜನ ಕೂತ ಹಾಗೆ. ಕ್ಲಾಂಪ್ ಬಿಗಿ ಮಾಡಿ ಓಡಿಸಿದ್ರೆ ಭಾವ ಹೇಳಿದ್ದ ಪಿಕಪ್ ತೊಂದರೆ ಮುಕ್ಕಾಲು ಪಾಲು ಹೋಯ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಗಾಳಿ, ಪೆಟ್ರೋಲ್, ಎರಡು ದಿನದ ಜಗಳ

ನಾಲ್ಕು ಜನ ದುಡ್ಡು ಹಾಕಿ ಒಂದು ಸೆಕೆಂಡ್‌ಹ್ಯಾಂಡ್ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ತಗೊಂಡ್ವಿ. ಸೈಲೆನ್ಸರ್ ಪೈಪಲ್ಲಿ ಕೂತು, ಉರಿದು ಉಳಿದ ಹೊಗೆ ನೋಡಿ ಮಿಶ್ರಣ ಹೇಗಿತ್ತು ಅಂತ ಹೇಳುತ್ತೆ. ಶುದ್ಧ ಪೆಟ್ರೋಲಾದ್ರೆ 1 ಗ್ರಾಂಗೆ 14.7 ಗ್ರಾಂ ಗಾಳಿ ಇದ್ರೆ ಎರಡೂ ಲೆಕ್ಕಕ್ಕೆ ಸರಿಯಾಗಿ ಮುಗಿಯುತ್ತೆ. ಪೂರ್ತಿ ಕಾಲು ಒತ್ತಿದಾಗ ಟರ್ಬೊ ಇಂಜಿನ್‌ಗೆ ಪೆಟ್ರೋಲ್ ಸ್ವಲ್ಪ ಜಾಸ್ತಿನೇ ಬೇಕು, ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತಾ ಸಿಲಿಂಡರ್ ತಂಪು ಮಾಡುತ್ತೆ. ನಾವು ಇಟ್ಟುಕೊಂಡ ಗುರಿ 12.5.

ಜಗಳ ಬಂದದ್ದು ಇಲ್ಲಿ. ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಶುದ್ಧ ಎಥನಾಲ್ ಉರಿಯೋಕೆ 1 ಗ್ರಾಂಗೆ 9 ಗ್ರಾಂ ಗಾಳಿ ಸಾಕು. ಹಾಗಾಗಿ ಇ20ಗೆ ಲೆಕ್ಕ ಹಾಕಿದ್ರೆ 14.7 ಅಲ್ಲ, 13.5ರ ಹತ್ತಿರ ಬರುತ್ತೆ. ಒಬ್ಬ ಹೇಳ್ದ, "ಹಂಗಾದ್ರೆ ನಮ್ಮ ಗುರಿನೂ 11.5 ಆಗಬೇಕು." ಇನ್ನೊಬ್ಬ ಬೇಡ ಅಂದ. ಎರಡು ದಿನ ಮಾತು ಬಿಟ್ಟರು, ಸುಳ್ಳಲ್ಲ. ಉತ್ತರ ಇಷ್ಟೇ: ಸೆನ್ಸರ್‌ಗೆ ಪೆಟ್ರೋಲ್ ಯಾವುದು ಅಂತ ಗೊತ್ತೇ ಇಲ್ಲ. ಅದು ಅಳೆಯೋದು ಲ್ಯಾಂಬ್ಡಾ, ಅಂದ್ರೆ ಬೇಕಾದ ಗಾಳಿಗೆ ಹೋಲಿಸಿದ್ರೆ ಎಷ್ಟು ಪಾಲು ಗಾಳಿ ಇತ್ತು ಅನ್ನೋದು. ಆ ಪಾಲನ್ನ 14.7ರಿಂದ ಗುಣಿಸಿ ನಮಗೆ ತೋರಿಸುತ್ತೆ ಅಷ್ಟೆ. ಗೇಜಲ್ಲಿ 12.5 ಬಂದ್ರೆ ಲ್ಯಾಂಬ್ಡಾ 0.85. ಟ್ಯಾಂಕಲ್ಲಿ ಇ20 ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ. ಅವತ್ತಿಂದ ಗೇಜನ್ನ ಲ್ಯಾಂಬ್ಡಾ ತೋರಿಸೋ ಹಾಗೆ ಬದಲಾಯಿಸಿ ಇಟ್ಟಿದೀವಿ. ಓದೋ ನೀವೂ ಹಾಗೇ ಮಾಡಿ, ಸ್ನೇಹ ಉಳಿಯುತ್ತೆ.

ಪೆಟ್ರೋಲ್ ಭಾಗ ಇಷ್ಟರಲ್ಲೇ ಮುಗೀತು, ಕಂಪನಿಯ ಮ್ಯಾಪೇ ಹೆಚ್ಚುಕಮ್ಮಿ ಸರಿಯಿತ್ತು. ಕಷ್ಟ ಇರೋದು ಬೆಂಕಿಯಲ್ಲಿ.

ಯಾವಾಗ ಕಿಡಿ ಹಚ್ಚಬೇಕು

ಇಂಜಿನ್ 3000 ಆರ್‌ಪಿಎಂನಲ್ಲಿ ಓಡ್ತಿದೆ ಅಂದ್ಕೊಳ್ಳಿ. ಸೆಕೆಂಡಿಗೆ 50 ಸುತ್ತು, ಅಂದ್ರೆ 18,000 ಡಿಗ್ರಿ. ಕ್ರ್ಯಾಂಕ್ ಒಂದು ಡಿಗ್ರಿ ತಿರುಗೋಕೆ ಸುಮಾರು 55 ಮೈಕ್ರೋಸೆಕೆಂಡ್. ಮಿಶ್ರಣ ಉರಿಯೋಕೆ ಒಂದೆರಡು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ ಮೂವತ್ತು ನಲವತ್ತು ಡಿಗ್ರಿ ತಿರುಗಿಬಿಟ್ಟಿರುತ್ತೆ. ಹಾಗಾಗಿ ಪಿಸ್ಟನ್ ತುದಿಗೆ ಬರೋ ಮೊದಲೇ ಕಿಡಿ ಹಚ್ಚಬೇಕು. ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗಿಳಿಯೋ ಹೊತ್ತಿಗೆ ಒತ್ತಡ ಗರಿಷ್ಠ ಆದ್ರೆ ಚೆನ್ನಾಗಿ ತಳ್ಳುತ್ತೆ. ಜೋಕಾಲಿ ತೂಗಿದವರಿಗೆ ಇದು ಗೊತ್ತು. ಮೇಲೆ ಬಂದು ತಿರುಗಿದ ಮೇಲೆ ತಳ್ಳಿದ್ರೆ ಮುಂದಕ್ಕೆ ಹೋಗುತ್ತೆ, ಇನ್ನೂ ಬರ್ತಿರುವಾಗಲೇ ತಳ್ಳಿದ್ರೆ ಕೈ ನೋಯುತ್ತೆ.

ಬೇಗ ಹಚ್ಚಿದ್ರೆ ಕೈ ನೋವಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗದ್ದೆಯಲ್ಲಿ ಒಣ ಹುಲ್ಲಿಗೆ ಒಂದು ಮೂಲೆಯಿಂದ ಬೆಂಕಿ ಇಟ್ರೆ ಸಾಲಾಗಿ ಉರೀತಾ ಬರುತ್ತೆ. ಸಿಲಿಂಡರಲ್ಲೂ ಹಾಗೇ ಆಗಬೇಕು, ಪ್ಲಗ್‌ನಿಂದ ಗೋಡೆ ಕಡೆಗೆ. ಆದರೆ ಬೆಂಕಿ ಇನ್ನೂ ತಲುಪದ ಮೂಲೆಯ ಮಿಶ್ರಣ ಆ ಒತ್ತಡಕ್ಕೆ, ಬಿಸಿಗೆ, ತಾನಾಗೇ ಒಂದೇ ಸಲ ಹೊತ್ತಿಕೊಂಡ್ರೆ? ಅದೇ ನಾಕಿಂಗ್. ನಮ್ಮ ಮೇಸ್ತ್ರಿ ಬಾಯಲ್ಲಿ "ಇಂಜಿನ್ ಕುಟ್ತಾ ಇದೆ". ಒತ್ತಡದ ಅಲೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿಯುತ್ತೆ. ಈ ಇಂಜಿನ್‌ನ 81 ಮಿಲಿಮೀಟರ್ ಬೋರ್‌ಗೆ ಲೆಕ್ಕ ಹಾಕಿದ್ರೆ ಆ ಶಬ್ದ 7 ಕಿಲೋಹರ್ಟ್ಸ್ ಆಸುಪಾಸು ಬರುತ್ತೆ. ಬ್ಲಾಕ್ ಮೇಲೆ ಬೋಲ್ಟ್ ಮಾಡಿದ ನಾಕ್ ಸೆನ್ಸರ್ ಅದನ್ನೇ ಕೇಳಿಸಿಕೊಳ್ಳೋ ಮೈಕು. ಕೇಳಿಸಿದ ತಕ್ಷಣ ಇಸಿಯು ಆ ಸಿಲಿಂಡರ್‌ನ ಕಿಡಿಯನ್ನ ತಡ ಮಾಡುತ್ತೆ. ಎಷ್ಟು ಡಿಗ್ರಿ ತಡ ಮಾಡ್ತು ಅನ್ನೋದು ಡಯಾಗ್ನೊಸ್ಟಿಕ್ ಕೇಬಲ್ ಹಾಕಿದ್ರೆ 020 ಅನ್ನೋ ಬ್ಲಾಕಲ್ಲಿ ನಾಲ್ಕು ನಂಬರಾಗಿ ಕಾಣುತ್ತೆ. ನಾಲ್ಕೂ ಸೊನ್ನೆ ಇದ್ರೆ ಇಂಜಿನ್ ಆರಾಮಾಗಿದೆ. ಒಂದೂವರೆ, ಮೂರು ಬಂದು ಹೋದ್ರೆ ಅಂಚಿನಲ್ಲಿದೆ. ಅದಕ್ಕಿಂತ ಮೇಲೆ ಹೋದ್ರೆ ಕಾಲು ತೆಗೀಬೇಕು.

ಕಂಪ್ಯೂಟರನ್ನೇ ನಂಬಬಾರದು ಅಂತ ನಾವೂ ಒಂದು ಕಿವಿ ಮಾಡಿಕೊಂಡ್ವಿ. ತಾಮ್ರದ ಪೈಪಿನ ಒಂದು ತುದಿ ಚಪ್ಪಟೆ ಮಾಡಿ ಇಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ, ಇನ್ನೊಂದು ತುದಿಗೆ ರಬ್ಬರ್ ಪೈಪ್ ಸೇರಿಸಿ ಕಾರೊಳಗೆ ತಂದು, ಲ್ಯಾಬಲ್ಲಿ ಹಾಕ್ಕೊಳ್ಳೋ ಇಯರ್‌ಮಫ್‌ಗೆ ಚುಚ್ಚಿದ್ವಿ. ಡಾಕ್ಟರ್ ಸ್ಟೆತಸ್ಕೋಪ್ ಥರಾನೇ. ಮೊದಲ ದಿನ ಎಲ್ಲ ಶಬ್ದವೂ ನಾಕಿಂಗ್ ಅನ್ನಿಸ್ತು. ಇಂಜೆಕ್ಟರ್ ಟಿಕ್ ಟಿಕ್, ವಾಲ್ವ್ ಕಟಕಟ, ಕೊನೆಗೆ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಅಲ್ಲಾಡಿದ್ರೂ.

ರಸ್ತೆ

ಡೈನೊ ಬೆಂಗಳೂರಲ್ಲಿದೆ, ಅದಕ್ಕೆ ಕೊಡೋ ದುಡ್ಡು ನಮ್ಮ ಜೇಬಲ್ಲಿಲ್ಲ. ಹಾಗಾಗಿ ರಸ್ತೆ. ಮೂರನೇ ಗೇರಲ್ಲಿ 2000 ಆರ್‌ಪಿಎಂಗೆ ತಂದು, ಪೂರ್ತಿ ಆಕ್ಸಿಲರೇಟರ್ ಒತ್ತಿ, ಲಾಗ್ ತಗೊಂಡು, ಕಾಲು ಬಿಡೋದು. ಆರೇಳು ಸೆಕೆಂಡಿನ ಆಟ.

ಮೊದಲ ಸಲ ಊರಾಚೆಯ ಒಂದು ಹಳ್ಳಿ ರಸ್ತೆಗೆ ಹೋದ್ವಿ. ಖಾಲಿ, ನೇರ, ಎರಡೂ ಕಡೆ ಜೋಳದ ಹೊಲ. ಮೂರನೇ ಲಾಗ್ ತೆಗೀತಿರುವಾಗ ಹೊಲದ ಮಣ್ಣು ದಾರಿಯಿಂದ ಒಂದು ಟಿವಿಎಸ್ ಎಕ್ಸ್‌ಎಲ್ ರಸ್ತೆಗೆ ಬಂತು. ಹಿಂದೆ ಆಳೆತ್ತರ ಹಸಿ ಹುಲ್ಲಿನ ಹೊರೆ, ಓಡಿಸ್ತಿದ್ದ ಅಜ್ಜನಿಗೆ ನಮ್ಮ ಕಡೆ ತಿರುಗಿ ನೋಡೋಕೂ ಆಗದಷ್ಟು. ಓಡಿಸ್ತಿದ್ದವನು ಬ್ರೇಕ್ ಒತ್ತಿದ. ಎಬಿಎಸ್ ಕಟಕಟ ಅಂತು. ಲ್ಯಾಪ್‌ಟಾಪ್ ಡ್ಯಾಶ್‌ಬೋರ್ಡಿಗೆ ಹೋಗಿ ಬಡೀತು. ಅಜ್ಜ ನಮ್ಮನ್ನ ಗಮನಿಸಲೇ ಇಲ್ಲ, ಹಾಗೇ ದಾಟಿ ಹೋದರು. ನಾವು ಹತ್ತು ನಿಮಿಷ ಕಾರಿಂದ ಇಳೀಲಿಲ್ಲ. ಲಾಗ್ ನೋಡಿದ್ರೆ ಆಗ ವೇಗ 90 ದಾಟಿತ್ತು.

ಆಮೇಲೆ ಹಳ್ಳಿ ರಸ್ತೆ ಬಿಟ್ವಿ. ಅಡ್ಡದಾರಿ ಇಲ್ಲದ ನಾಲ್ಕು ಪಥದ ಹೆದ್ದಾರಿಯ ಏರು, ಭಾನುವಾರ ಬೆಳಗ್ಗೆ ಬೆಳಕಾದ ಮೇಲೆ. ಓಡಿಸೋನು ರಸ್ತೆ ಮಾತ್ರ ನೋಡಬೇಕು, ಲ್ಯಾಪ್‌ಟಾಪ್ ಪಕ್ಕದವನ ತೊಡೆ ಮೇಲೆ, ನಂಬರ್ ಓದೋದು ಕಾರು ನಿಂತ ಮೇಲೆ. 4500 ಆರ್‌ಪಿಎಂಗೆ ಕಾಲು ತೆಗೀಬೇಕು, ಮೂರನೇ ಗೇರಲ್ಲಿ ಅದು ನೂರರ ಹತ್ತಿರ. ಇಷ್ಟೇ ಸಾಕು ಕೂಡ, ಯಾಕಂದ್ರೆ ಈ ಸಣ್ಣ ಟರ್ಬೊ ಜೋರಾಗಿ ತುಂಬೋದು, ಇಂಜಿನ್ ಕುಟ್ಟೋಕೆ ಹೆಚ್ಚು ಅವಕಾಶ ಇರೋದು 3000ದಿಂದ 4500ರ ನಡುವೆನೇ. "ಎಷ್ಟು ಎಚ್‌ಪಿ ಬಂತು?" ಅಂತ ಕಾಲೇಜಲ್ಲಿ ಎಲ್ರೂ ಕೇಳ್ತಾರೆ. ಮೇಲಿನ ಆರ್‌ಪಿಎಂಗೆ ಹೋಗೇ ಇಲ್ಲ ಅಂದಮೇಲೆ ಅದನ್ನ ಹೇಳೋದು ಸುಳ್ಳಾಗುತ್ತೆ.

ಚೌಕಾಬಾರ

ಇಗ್ನಿಷನ್ ಮ್ಯಾಪ್ ನೋಡೋಕೆ ಚೌಕಾಬಾರದ ಮಣೆ ಇದ್ದ ಹಾಗೆ. ಸಾಲುಗಳಲ್ಲಿ ಆರ್‌ಪಿಎಂ, ಕಂಬಗಳಲ್ಲಿ ಲೋಡ್. ಲೋಡ್ ಅಂದ್ರೆ ಒಂದು ಸಲಕ್ಕೆ ಸಿಲಿಂಡರ್ ಎಷ್ಟು ಗಾಳಿ ತುಂಬಿಕೊಳ್ತು ಅನ್ನೋ ಶೇಕಡಾ ಲೆಕ್ಕ, ಟರ್ಬೊ ಇರೋದ್ರಿಂದ ನೂರು ದಾಟುತ್ತೆ. ಒಂದೊಂದು ಮನೆಯಲ್ಲಿ ಒಂದೊಂದು ಡಿಗ್ರಿ. ಇಂಜಿನ್ ಓಡ್ತಾ ಓಡ್ತಾ ಮನೆಯಿಂದ ಮನೆಗೆ ಹೋಗುತ್ತೆ, ಆ ಮನೆಯಲ್ಲಿ ಬರೆದ ಡಿಗ್ರಿಗೆ ಕಿಡಿ ಬೀಳುತ್ತೆ. (ಬಾಷ್‌ನವರ ಈ ಇಸಿಯುನಲ್ಲಿ ಮ್ಯಾಪ್‌ಗಳ ಹೆಸರೆಲ್ಲ ಜರ್ಮನ್ ಮಾತಿನ ಚುಟುಕು. ಟೈಮಿಂಗ್ ಮ್ಯಾಪ್ ಹೆಸರು ಕೆಎಫ್‌ಝಡ್‌ಡಬ್ಲ್ಯೂ. ಕನ್ನಡದಲ್ಲಿ ಟೆಕ್ನಿಕಲ್ ಪದ ಕಷ್ಟ ಅನ್ನೋರು ಒಮ್ಮೆ ಇದನ್ನ ನೋಡಬೇಕು.)

ಸರಿಯಾದ ಕ್ರಮ ಏನು ಅಂದ್ರೆ ಲಾಗ್ ನೋಡಿ ಇಂಜಿನ್ ಯಾವ ಮನೆಗೆ ಹೋಗಿದೆ ಅಂತ ಗುರುತು ಹಾಕಬೇಕು, ಆ ಮನೆಗಳಲ್ಲಿ ಮಾತ್ರ ಅರ್ಧ, ಮುಕ್ಕಾಲು ಡಿಗ್ರಿ ಸೇರಿಸಬೇಕು, ಮತ್ತೆ ಓಡಿಸಬೇಕು, ಮತ್ತೆ ನೋಡಬೇಕು. ಎರಡು ಭಾನುವಾರ ಹಾಗೇ ಮಾಡಿದ್ವಿ. ಮೂರನೇ ಭಾನುವಾರ ಮಳೆ ಬರೋ ಹಾಗಿತ್ತು, ಭಾವ ಬರೋಕೆ ನಾಲ್ಕೇ ದಿನ ಉಳಿದಿತ್ತು. 2500ರಿಂದ 4500ರವರೆಗಿನ ಸಾಲುಗಳನ್ನ ಬಲತುದಿಯ ಕಂಬದವರೆಗೂ ಒಟ್ಟಿಗೆ ಸೆಲೆಕ್ಟ್ ಮಾಡಿ, ಮೂಲ ಮ್ಯಾಪ್‌ಗಿಂತ 3 ಡಿಗ್ರಿ ಜಾಸ್ತಿ ಆಗೋ ಹಾಗೆ ಒತ್ತಿಬಿಟ್ವಿ. ಓಡಿಸಿ ನೋಡಿದ್ರೆ ಕಾರು ಹಾರ್ತಿತ್ತು. 020 ಬ್ಲಾಕಲ್ಲಿ ಮೂರು ಸೊನ್ನೆ, ಒಂದು ಒಂದೂವರೆ. ಹಾಸನದಲ್ಲಿ ನಮ್ಮ ಅತಿ ಹೆಚ್ಚಿನ ಲೋಡ್ 155ರ ಹತ್ತಿರ ನಿಲ್ತಿತ್ತು. ಅದರಾಚೆಯ ಕಂಬಗಳಲ್ಲಿ ನಾವು ಬರೆದ ಡಿಗ್ರಿಯನ್ನ ಇಂಜಿನ್ ಒಮ್ಮೆಯೂ ಮುಟ್ಟಿರಲಿಲ್ಲ. ಕಾಯಿ ಕಾಲಿಡದ ಮನೆಗಳು. ಅಲ್ಲಿಗೆ ಹೋಗಲ್ವಲ್ಲ ಅಂದ್ಕೊಂಡ್ವಿ.

ಭಾವ ಖುಷಿಯಾಗಿ ಬಿರಿಯಾನಿ ಕೊಡಿಸಿ ಕಾರು ತಗೊಂಡು ಮಂಗಳೂರಿಗೆ ಹೋದ್ರು.

ಗುಂಡ್ಯದಿಂದ ಫೋನ್

ಹತ್ತು ದಿನ ಆದಮೇಲೆ ಶನಿವಾರ ಮಧ್ಯಾಹ್ನ ಫೋನ್ ಬಂತು. ಭಾವ ಹಾಸನಕ್ಕೆ ಬರ್ತಿದ್ರು, ಶಿರಾಡಿ ಘಾಟಿಯ ಬುಡದಲ್ಲಿ ಗುಂಡ್ಯದ ಹೋಟೆಲ್ ಎದುರು ನಿಲ್ಲಿಸಿದ್ರು. "ಏನ್ರೋ ಮಾಡಿಟ್ಟಿದೀರಿ ಇದಕ್ಕೆ? ಲಾರಿ ಓವರ್‌ಟೇಕ್ ಮಾಡೋಕೆ ಕಾಲು ಕೊಟ್ರೆ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಶಬ್ದ ಬರ್ತಿದೆ." ಹಿಂದಿನಿಂದ ಅಕ್ಕನ ಧ್ವನಿ, ಮಗು ಅಳೋದು ಎರಡೂ ಕೇಳ್ತಿತ್ತು.

ನಮ್ಮ ಮೊದಲ ಯೋಚನೆ ನಾಚಿಕೆಗೇಡಿನದು, ಪೆಟ್ರೋಲ್ ಮೇಲೆ ಹಾಕೋಣ ಅಂತ. ಭಾವ ಹಾಕಿಸಿದ್ದು ನಾವು ಹೇಳಿದ್ದ 95 ಆಕ್ಟೇನೇ. "ಬೂಸ್ಟ್ ಗೇಜು ಎಷ್ಟು ತೋರಿಸ್ತಿತ್ತು ಭಾವ?" ಅಂದ್ರೆ "ನೀವಿಟ್ಟಷ್ಟೇ, ಪಾಯಿಂಟ್ ಒಂಬತ್ತು" ಅಂದ್ರು. ಹಾಸನದಲ್ಲೂ 0.9, ಅಲ್ಲೂ 0.9. ಹಾಗಾದ್ರೆ ಏನು ಬದಲಾಯ್ತು? ಆಕ್ಸಿಲರೇಟರ್ ಅರ್ಧಕ್ಕಿಂತ ಮೇಲೆ ಒತ್ತಬೇಡಿ, ನಿಧಾನ ಬನ್ನಿ ಅಂದ್ವಿ. ಬರೋಕೆ ಮೂರೂವರೆ ಗಂಟೆ ಆಯ್ತು. ಅಷ್ಟೂ ಹೊತ್ತು ನಾವು ಗ್ಯಾರೇಜಲ್ಲಿ ಟೀ ಕುಡೀತಾ ಕೂತಿದ್ವಿ, ಯಾರೂ ಮಾತಾಡಲಿಲ್ಲ.

ಮೇಸ್ತ್ರಿ ಮತ್ತೆ ಅದೇ ಮಾತು, ಪ್ಲಗ್ ಬಿಚ್ಚಿ. ಮೂರನೇ ಸಿಲಿಂಡರ್‌ನ ಪ್ಲಗ್ ತೆಗೆದು ಮೊಬೈಲ್ ಟಾರ್ಚ್ ಹಿಡಿದ್ರು. ಬಿಳಿ ಪಿಂಗಾಣಿ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ. "ಇದು ಪಿಸ್ಟನ್ನು" ಅಂದ್ರು. ಅಲ್ಯೂಮಿನಿಯಂ ಪಿಸ್ಟನ್ ಮೇಲ್ಮೈ ಕಣಕಣವಾಗಿ ಎದ್ದು ಬಂದು ಅಲ್ಲಿ ಅಂಟಿಕೊಂಡಿತ್ತು. ಭಾವ ಆ ಪ್ಲಗ್ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ನಿಂತರು. ಬೈದಿದ್ರೆ ಎಷ್ಟೋ ವಾಸಿ ಇತ್ತು. ಆಮೇಲೆ ಬೈದರು, ಅದು ಬೇರೆ. ಕಂಪ್ರೆಷನ್ ಗೇಜು ಹಾಕಿ ನೋಡಿದ್ರೆ ನಾಲ್ಕೂ ಸಿಲಿಂಡರ್ ಹತ್ತಿರಹತ್ತಿರ ಒಂದೇ ಇತ್ತು. ಇಸಿಯು ಕಿಡಿ ತಡ ಮಾಡಿ ಮಾಡಿ ಉಳಿಸಿತ್ತು. ನಾವು ಉಳಿಸಿದ್ದಲ್ಲ.

ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ

ಕಾರಣ ಸಿಕ್ಕಿದ್ದು ಮುಂದಿನ ವಾರ. ಟೈಮಿಂಗ್ ಎಲ್ಲ ಮೊದಲಿನ ಹಾಗೆ ಮಾಡಿ, ಭಾವನ ಜೊತೆ ನಮ್ಮಲ್ಲಿ ಇಬ್ಬರು ಮಂಗಳೂರಿಗೆ ಇಳಿದ್ವಿ. ಪಣಂಬೂರು ಬೀಚ್ ಪಾರ್ಕಿಂಗಲ್ಲಿ ಕಾರು ನಿಲ್ಲಿಸಿ, ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೇ 115ನೇ ಬ್ಲಾಕ್ ತೆರೆದ್ವಿ. ಅದರಲ್ಲಿ ಬೂಸ್ಟ್ ಒತ್ತಡ ಮಿಲಿಬಾರಲ್ಲಿ ಬರುತ್ತೆ. 1008 ಅಂತ ತೋರಿಸ್ತು. ಹಾಸನದ ಹಳೇ ಲಾಗ್ ತೆಗೆದು ಅದೇ ಸ್ಥಿತಿಯ ನಂಬರ್ ನೋಡಿದ್ವಿ. 910.

ಸೊನ್ನೆ ಇರಬೇಕಲ್ವಾ, ಇಂಜಿನ್ನೇ ಓಡ್ತಿಲ್ಲವಲ್ಲ ಅಂದ್ರೆ, ಇಲ್ಲ. ಇಸಿಯು ಓದೋದು ಅಬ್ಸೊಲ್ಯೂಟ್ ಒತ್ತಡ, ಖಾಲಿ ವ್ಯಾಕ್ಯೂಮ್‌ನಿಂದ ಮೇಲಕ್ಕೆ. ಡ್ಯಾಶ್ ಮೇಲಿನ ಗೇಜು ಓದೋದು ಹೊರಗಿನ ಗಾಳಿಗಿಂತ ಎಷ್ಟು ಮೇಲಿದೆ ಅನ್ನೋದು. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೆ ಹತ್ತಿರ ಇದೆ, ಗಾಳಿ ತೆಳು. ಅಲ್ಲಿ 910ರ ಮೇಲೆ 900 ಸೇರಿದ್ರೆ 1810. ಸಮುದ್ರದ ಪಕ್ಕ 1008ರ ಮೇಲೆ ಅದೇ 900, ಅಂದ್ರೆ 1908. ಗೇಜಿನ ಮುಳ್ಳು ಎರಡೂ ಕಡೆ ಒಂದೇ ಜಾಗದಲ್ಲಿ, ಸಿಲಿಂಡರಿಗೆ ಬರೋ ಒತ್ತಡ ಮಾತ್ರ ನೂರು ಮಿಲಿಬಾರ್ ಜಾಸ್ತಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಮೊದಲನೇ ಚಾಪ್ಟರ್‌ನ ಎರಡು ಮಾರ್ಕಿನ ಪ್ರಶ್ನೆ ಇದು. ಗೇಜ್ ಒತ್ತಡಕ್ಕೂ ಅಬ್ಸೊಲ್ಯೂಟ್ ಒತ್ತಡಕ್ಕೂ ವ್ಯತ್ಯಾಸ ಬರೆಯಿರಿ. ನಾಲ್ಕೂ ಜನ ಪೂರ್ತಿ ಮಾರ್ಕ್ಸ್ ತಗೊಂಡಿದ್ವಿ.

ಇದನ್ನ ಇಸಿಯು ಯಾಕೆ ಸರಿಮಾಡಿಕೊಳ್ಳಲಿಲ್ಲ? ಈಗ ಆ ಹಿತ್ತಾಳೆ ಸ್ಕ್ರೂ. ಟರ್ಬೊ ಎಷ್ಟು ತುಂಬಬೇಕು ಅಂತ ನಿರ್ಧರಿಸೋದು ವೇಸ್ಟ್‌ಗೇಟ್ ಅನ್ನೋ ಬಾಗಿಲು. ಒಂದು ಸಣ್ಣ ಪೈಪಲ್ಲಿ ಬರೋ ಒತ್ತಡ ಸ್ಪ್ರಿಂಗನ್ನ ತಳ್ಳಿದಾಗ ಅದು ತೆರೆಯುತ್ತೆ, ಹೊಗೆ ಟರ್ಬೊ ತಪ್ಪಿಸಿ ಹೊರಗೆ ಹೋಗುತ್ತೆ. ಕಂಪನಿಯ ಕಾರಲ್ಲಿ ಆ ಪೈಪಿನ ಮಧ್ಯೆ ಎನ್75 ಅನ್ನೋ ಸೊಲೆನಾಯ್ಡ್ ವಾಲ್ವ್ ಇರುತ್ತೆ, ಇಸಿಯು ಅದನ್ನ ಪಟಪಟ ತೆರೆದು ಮುಚ್ಚಿ ತನಗೆ ಬೇಕಾದ ಅಬ್ಸೊಲ್ಯೂಟ್ ಒತ್ತಡಕ್ಕೆ ತಂದು ನಿಲ್ಲಿಸುತ್ತೆ. ಹಿಂದಿನ ಮಾಲೀಕ ಅದನ್ನ ಬಿಟ್ಟು ಸ್ಕ್ರೂ ಇರೋ ಬ್ಲೀಡ್ ವಾಲ್ವ್ ಹಾಕಿಸಿದ್ದ. ಸ್ಕ್ರೂ ತಿರುಗಿಸಿದಷ್ಟು ಗಾಳಿ ಸೋರುತ್ತೆ, ಸ್ಪ್ರಿಂಗಿಗೆ ಒತ್ತಡ ಕಮ್ಮಿ ಗೊತ್ತಾಗುತ್ತೆ, ಬಾಗಿಲು ತಡವಾಗಿ ತೆರೆಯುತ್ತೆ. ಸ್ಪ್ರಿಂಗಿನ ಇನ್ನೊಂದು ಬದಿಯಲ್ಲಿರೋದು ಹೊರಗಿನ ಗಾಳಿ. ಹಾಗಾಗಿ ಅದು ಊರು ಯಾವುದಾದ್ರೂ ಹೊರಗಿನ ಗಾಳಿಗಿಂತ 0.9 ಮೇಲೆ ಅಂತಲೇ ಹಿಡಿಯುತ್ತೆ. ನಮಗೆ ಎನ್75 ಲೆಕ್ಕ ಕಷ್ಟ ಅನ್ನಿಸಿತ್ತು, ಸ್ಕ್ರೂ ಸುಲಭ, ಒಂದು ಸ್ಪ್ಯಾನರ್ ಸಾಕು. ಅದಕ್ಕೇ ಬಿಟ್ಟಿದ್ವಿ.

ಮರುದಿನ ಬೆಳಗ್ಗೆ ಗುಂಡ್ಯ ದಾಟಿ ಘಾಟಿ ಹತ್ತುವಾಗ ಲಾಗ್ ಹಾಕಿದ್ವಿ, ಭಾವ ಓಡಿಸ್ತಿದ್ರು. ಮುಂದೆ ಗ್ಯಾಸಿನ ಬುಲೆಟ್ ಟ್ಯಾಂಕರ್, ಹದಿನೈದು ಕಿಲೋಮೀಟರ್ ವೇಗದಲ್ಲಿ ತೆವಳ್ತಾ. ಈ ಕಾರಿನ ಇಂಟರ್‌ಕೂಲರ್ ಮುಂದಿನ ಚಕ್ರದ ಮಡ್‌ಗಾರ್ಡ್ ಒಳಗೆ ಒಂದು ಟಿಫಿನ್ ಬಾಕ್ಸ್ ಗಾತ್ರದ್ದು. ವೇಗ ಇಲ್ಲದಿದ್ರೆ ಅದಕ್ಕೆ ಗಾಳಿ ಇಲ್ಲ. ಹಾಸನದ ಭಾನುವಾರ ಬೆಳಗಿನ ಆರೇಳು ಸೆಕೆಂಡಲ್ಲಿ 35 ಡಿಗ್ರಿ ಸೆಲ್ಸಿಯಸ್ ದಾಟದಿದ್ದ ಒಳಗಾಳಿ ಇಲ್ಲಿ 60 ದಾಟಿತ್ತು. ಟ್ಯಾಂಕರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟಾಗ ಭಾವ ಒಂದೇ ಸಲ ಕಾಲು ಕೊಟ್ರು. ಲೋಡ್ 160 ದಾಟಿ ನಾವು ಕಾಲಿಡದ ಕಂಬಗಳಿಗೆ ಹೋಯ್ತು. ಟೈಮಿಂಗ್ ಕಂಪನಿಯದೇ ಇದ್ರೂ ಮೂರನೇ ಸಿಲಿಂಡರಲ್ಲಿ 4.5 ಡಿಗ್ರಿ ತಡ. ನಮ್ಮ ಆ 3 ಡಿಗ್ರಿ ಇನ್ನೂ ಅಲ್ಲೇ ಇದ್ದಿದ್ರೆ ಅಂತ ಹಿಂದಿನ ಸೀಟಲ್ಲಿ ಕೂತು ಯೋಚಿಸಿದ್ವಿ. ಹಿಂದಿನ ವಾರ ಅದೇ ಸೀಟಲ್ಲಿ ಅಕ್ಕ, ಮಗು ಇದ್ರು.

ಸ್ಕ್ರೂ ತೆಗೆದು ಎನ್75 ವಾಪಸ್ ಹಾಕಿದ್ವಿ. ಇಸಿಯು ಕೇಳೋ ಅಬ್ಸೊಲ್ಯೂಟ್ ಒತ್ತಡ 1650ಕ್ಕೆ ಇಳಿಸಿ, ಒಳಗಾಳಿ ಬಿಸಿಯಾದಷ್ಟೂ ಬೂಸ್ಟ್ ತಾನೇ ಕಮ್ಮಿ ಮಾಡೋ ಹಾಗೆ ಇಟ್ವಿ. ಬಲಗಡೆಯ ಕಂಬಗಳಲ್ಲಿ ಕಂಪನಿ ಕೊಟ್ಟಿದ್ದಕ್ಕಿಂತಲೂ 2 ಡಿಗ್ರಿ ಕಮ್ಮಿ ಬರೆದಿದೀವಿ. ಈಗ ಕಾರು ಹಾರಲ್ಲ. ಭಾವನಿಗೆ ಅದರ ಬಗ್ಗೆ ಸ್ವಲ್ಪ ಬೇಜಾರಿದೆ ಅಂತ ಅಕ್ಕ ಹೇಳಿದ್ರು.

ಹೋದ ಭಾನುವಾರ ಮತ್ತೆ ಶಿರಾಡಿ ಹತ್ತಿಸಿ ಲಾಗ್ ಕಳಿಸಿದಾರೆ, ಅದೇ ಥರ ಟ್ಯಾಂಕರ್ ಹಿಂದೆ, ಅದೇ ಬಿಸಿಲು. 020ರಲ್ಲಿ ಸೊನ್ನೆ, ಸೊನ್ನೆ, ಒಂದೂವರೆ, ಸೊನ್ನೆ. ಮೂರನೇದು ಮಾತ್ರ ಯಾಕೆ ಅಂತ ಗೊತ್ತಾಗಿಲ್ಲ. ಮೇಸ್ತ್ರಿ ಇಂಜೆಕ್ಟರ್ ತೊಳೆಸಿ ನೋಡೋಣ ಅಂತಾರೆ, ನಮ್ಮಲ್ಲಿ ಒಬ್ಬ ಇಗ್ನಿಷನ್ ಕಾಯಿಲ್ ಅಂತಾನೆ. ದೀಪಾವಳಿ ರಜೆಗೆ ಭಾವ ಬಂದಾಗ ಎರಡನೇ ಮತ್ತು ಮೂರನೇ ಇಂಜೆಕ್ಟರ್ ಅದಲುಬದಲು ಮಾಡಿ ನೋಡಬೇಕು. ಒಂದೂವರೆ ಎರಡನೇದಕ್ಕೆ ಹೋದ್ರೆ ಮೇಸ್ತ್ರಿ ಗೆದ್ದರು.